ಬಾಯಿ ಕಟ್ಟಿದರೂ ನಿಲ್ಲದ ಹಾಡು

(ಗಿರಣಿ ಕೆಲಸಗಾರರ ಸಂಘದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ಹೋದ ವಾರ ಸಭೆ ಮುಗಿದ ಮೇಲೆ ಹಿರಿಯ ಕೆಲಸಗಾರರೊಬ್ಬರು ನನ್ನನ್ನು ತಡೆದು ಕೇಳಿದರು: "ಮೇಷ್ಟರೇ, ಸಭೆಗೆ ಮೊದಲು ಈ ಹಾಡು ಯಾಕೆ? ಹಾಡಿದರೆ ತುಟ್ಟಿಭತ್ಯೆ ಹೆಚ್ಚುತ್ತದೆಯೇ?" ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಒಬ್ಬ ಹಾಡುಗಾರನ ಬಾಳನ್ನೇ ಉತ್ತರವಾಗಿ ಇಂದು ನಿಮ್ಮ ಮುಂದೆ ಇಡುತ್ತೇನೆ.

ಆತನ ಹೆಸರು ಪೀಟ್ ಸೀಗರ್, ಅಮೆರಿಕದವನು. 1919ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ 2014ರಲ್ಲಿ ತನ್ನ 94ನೆಯ ವಯಸ್ಸಿನಲ್ಲಿ ತೀರಿಕೊಂಡ. ಎಪ್ಪತ್ತು ವರ್ಷಕ್ಕೂ ಮೇಲೆ ಹಾಡಿದ. ತಂದೆ ಸಂಗೀತದ ವಿದ್ವಾಂಸ, ತಾಯಿ ಪಿಟೀಲು ಕಲಿಸುವಾಕೆ. ಮಗ ಹಾರ್ವರ್ಡ್ ವಿಶ್ವವಿದ್ಯಾಲಯದ ಓದನ್ನು 1938ರಲ್ಲಿ ಅರ್ಧಕ್ಕೇ ಬಿಟ್ಟು ಬ್ಯಾಂಜೋ ಹೆಗಲಿಗೇರಿಸಿದ. ಬ್ಯಾಂಜೋ ಎಂದರೆ ಚರ್ಮ ಹೊದಿಸಿದ ತಂತಿವಾದ್ಯ. ಅದರ ಮೂಲ ಆಫ್ರಿಕ. ಗುಲಾಮರಾಗಿ ಒಯ್ಯಲ್ಪಟ್ಟ ಕರಿಯರೊಡನೆ ಅದು ಅಮೆರಿಕಕ್ಕೆ ಹೋಯಿತು. 1941ರಲ್ಲಿ ಆತ ವುಡಿ ಗಥ್ರಿ ಮೊದಲಾದ ಗೆಳೆಯರೊಡನೆ ಮೇಳ ಕಟ್ಟಿಕೊಂಡು ಕಾರ್ಮಿಕ ಸಂಘಗಳ ಸಭೆಗಳಲ್ಲಿ ಹಾಡುತ್ತ ತಿರುಗಿದ.

1950ರಲ್ಲಿ ಆತನ 'ವೀವರ್ಸ್' ಮೇಳದ ತಟ್ಟೆಗಳು ಲಕ್ಷಗಟ್ಟಲೆ ಮಾರಾಟವಾದವು. ವೀವರ್ಸ್ ಎಂದರೆ ನೇಕಾರರು! ಹಣ ಬಂತು, ಕೀರ್ತಿ ಬಂತು. ಆದರೆ ಅದು ಕೆಂಪು ಬಣ್ಣ ಕಂಡರೆ ಅಮೆರಿಕದ ಸರ್ಕಾರ ಬೆಚ್ಚುತ್ತಿದ್ದ ಕಾಲ. ಮೇಳದವರ ಹೆಸರು ಕಪ್ಪುಪಟ್ಟಿಗೆ ಸೇರಿತು. ರೇಡಿಯೋ ಬಾಗಿಲು ಮುಚ್ಚಿತು, ಮೇಳ ಒಡೆಯಿತು.

1955ರ ಆಗಸ್ಟಿನಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಸೀಗರನನ್ನು ಕರೆಸಿತು. ಎಲ್ಲೆಲ್ಲಿ ಹಾಡಿದೆ, ಯಾರಿಗೆ ಹಾಡಿದೆ, ಯಾರ ಪರಿಚಯವಿದೆ ಎಂದು ಕೇಳಿತು. ತನ್ನ ಮಾತೇ ತನಗೆ ಉರುಲಾಗಬಹುದೆಂದು ಹೇಳಿ ಬಾಯಿ ಮುಚ್ಚಿಕೊಳ್ಳುವ ಹಕ್ಕು ಅಲ್ಲಿನ ಸಂವಿಧಾನದಲ್ಲಿದೆ. ಅನೇಕರು ಅದರ ಮರೆ ಹೊಕ್ಕು ಪಾರಾಗಿದ್ದರು. ಸೀಗರ್ ಆ ಮರೆ ಹೊಗಲಿಲ್ಲ. ನನ್ನ ನಂಬಿಕೆ, ನನ್ನ ಓಟು, ನನ್ನ ಸ್ನೇಹ ಇವುಗಳನ್ನು ಕೇಳುವ ಅಧಿಕಾರವೇ ನಿಮಗಿಲ್ಲ. ಬೇಕಾದರೆ ನನ್ನ ಹಾಡುಗಳನ್ನು ಕೇಳಿ ಎಂಬ ಧಾಟಿಯಲ್ಲಿ ನಿಂತ. ಒಬ್ಬ ಗೆಳೆಯನ ಹೆಸರನ್ನೂ ಆಡಲಿಲ್ಲ. 1961ರಲ್ಲಿ ನ್ಯಾಯಾಲಯ ಆತನಿಗೆ ಒಂದು ವರ್ಷದ ಸಜೆ ವಿಧಿಸಿತು. 1962ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಟೆಲಿವಿಷನ್ನಿನ ದೊಡ್ಡ ಕಂಪನಿಗಳು ಮಾತ್ರ 1967ರವರೆಗೆ ಆತನನ್ನು ಹತ್ತಿರ ಸೇರಿಸಲಿಲ್ಲ.

ಈ ವರ್ಷಗಳಲ್ಲಿ ಆತ ಏನು ಮಾಡಿದ? ಶಾಲೆಗಳಿಗೆ ಹೋದ, ಕಾಲೇಜುಗಳಿಗೆ ಹೋದ, ಮಕ್ಕಳ ಶಿಬಿರಗಳಿಗೆ ಹೋದ. ಸಿಕ್ಕಷ್ಟು ಹಣಕ್ಕೆ ಹಾಡಿದ. ಮನೆಯ ಭಾರವನ್ನೂ ಕಾರ್ಯಕ್ರಮಗಳ ವ್ಯವಸ್ಥೆಯನ್ನೂ ಹೆಂಡತಿ ತೋಶಿ ಹೊತ್ತಳು. ಮುಂದೆ ಅನ್ಯಾಯದ ಎದುರು ಬೀದಿಗಿಳಿದ ತರುಣರಲ್ಲಿ ಎಷ್ಟೋ ಮಂದಿ ಬಾಲ್ಯದಲ್ಲಿ ಆತನ ಹಾಡು ಕೇಳಿ ಬೆಳೆದವರು. ದೊಡ್ಡ ಬಾಗಿಲು ಮುಚ್ಚಿದವರಿಗೆ ಈ ಸಣ್ಣ ಬಾಗಿಲುಗಳು ಕಾಣಲೇ ಇಲ್ಲ!

ಇನ್ನು 'ವಿ ಶಲ್ ಓವರ್‌ಕಮ್' ಹಾಡಿನ ಮಾತು. ಅದರ ಧಾಟಿಯನ್ನು ಕನ್ನಡದಲ್ಲಿ ನಾವೂ ಹಾಡುತ್ತೇವೆ. ಕರಿಯರ ಇಗರ್ಜಿಯಲ್ಲಿ ಹುಟ್ಟಿದ ಅದನ್ನು ಹೋರಾಟಕ್ಕೆ ತಂದವರು ಚಾರ್ಲ್ಸ್‌ಟನ್ ಊರಿನ ಚುಟ್ಟಾ ಕಾರ್ಖಾನೆಯ ಹೆಂಗಸರು. 1945–46ರ ಚಳಿಗಾಲವಿಡೀ ಮುಷ್ಕರ ಹೂಡಿ, ಕಾರ್ಖಾನೆಯ ಮುಂದೆ ನಿಂತು ಹಾಡಿದರು. ಅವರಿಂದ ಟೆನೆಸ್ಸಿಯ ಹೈಲ್ಯಾಂಡರ್ ಶಾಲೆಗೆ, ಅಲ್ಲಿಂದ 1947ರಲ್ಲಿ ಸೀಗರನಿಗೆ ಬಂತು. ಆತ ಕೆಲವು ಚರಣ ಸೇರಿಸಿ ಊರೂರಿಗೆ ಒಯ್ದ. 1960ರ ಹೊತ್ತಿಗೆ ಅದು ಕರಿಯ ವಿದ್ಯಾರ್ಥಿಗಳ ಸತ್ಯಾಗ್ರಹದ ಹಾಡಾಯಿತು. ಅದರಿಂದ ಬಂದ ಗೌರವಧನವೂ ದಕ್ಷಿಣದ ಕರಿಯರ ಕೆಲಸಕ್ಕೆಂದೇ ಇಟ್ಟ ನಿಧಿಗೆ ಹೋಯಿತು. 1964ರ ಮೇ ತಿಂಗಳಲ್ಲಿ ಅದೇ ದಕ್ಷಿಣದ ಜಾಕ್ಸನ್ ಊರಿನಲ್ಲಿ, ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಹೋಟೆಲಿಗೆ ಕಾಲಿಡಹೋಗಿ ಬಂಧನಕ್ಕೊಳಗಾದವರು ನಮ್ಮ ಡಾ. ಲೋಹಿಯಾ ಎಂಬುದನ್ನೂ ಇಲ್ಲಿ ನೆನೆಯಬೇಕು.

ಸೀಗರ್ ದೇವರಲ್ಲ. ತರುಣನಾಗಿದ್ದಾಗ ಕಮ್ಯುನಿಸ್ಟ್ ಪಕ್ಷದಲ್ಲಿದ್ದು ಆಮೇಲೆ ಬಿಟ್ಟ. ಸ್ಟಾಲಿನ್ನನ ಕ್ರೌರ್ಯವನ್ನು ಸರಿಯಾಗಿ ಕಾಣಲಿಲ್ಲವೆಂದು ಮುಪ್ಪಿನಲ್ಲಿ ಬಾಯಿಬಿಟ್ಟು ಒಪ್ಪಿಕೊಂಡ. ತಪ್ಪನ್ನು ಒಪ್ಪಿದ, ಗೆಳೆಯರನ್ನು ಒಪ್ಪಿಸಲಿಲ್ಲ. ದೊಡ್ಡತನವೆಂದರೆ ಇದೇ.

ಈಗ ಆ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಇಲ್ಲ ಸ್ವಾಮಿ, ಹಾಡಿದರೆ ತುಟ್ಟಿಭತ್ಯೆ ಹೆಚ್ಚುವುದಿಲ್ಲ. ಸಂಘ ಗಟ್ಟಿಯಾದರೆ ಹೆಚ್ಚುತ್ತದೆ. ನಾಳೆ ನಿಮ್ಮನ್ನೂ ಒಬ್ಬೊಬ್ಬರನ್ನಾಗಿ ಒಳಗೆ ಕರೆಸಿ, ಸಂಘದ ಸಭೆಗೆ ಯಾರು ಯಾರು ಹೋಗುತ್ತಾರೆ, ಹೆಸರು ಹೇಳು, ನಿನಗೆ ಬಡ್ತಿ ಕೊಡುತ್ತೇವೆ ಎನ್ನಬಹುದು. ಆ ಕೋಣೆಯಲ್ಲಿ ಮನುಷ್ಯ ಒಂಟಿ. ಪಕ್ಕದವನ ದನಿಯೊಡನೆ ದನಿ ಕೂಡಿಸಿ ಹಾಡಿದವನಿಗೆ ಅಲ್ಲಿಯೂ ಆ ದನಿ ನೆನಪಿರುತ್ತದೆ. ಅವನ ಹೆಸರನ್ನು ಮಾರಲು ನಾಲಿಗೆ ಏಳುವುದಿಲ್ಲ. ಸೀಗರ್ ಹೋದಲ್ಲೆಲ್ಲ ತಾನೊಬ್ಬನೇ ಹಾಡದೆ ಸಭೆಯನ್ನೇ ಹಾಡಿಸುತ್ತಿದ್ದ.

ಆದ್ದರಿಂದ ಮುಂದಿನ ವಾರ ಬರುವಾಗ ನಿಮ್ಮ ತಾಯಂದಿರು ಬೀಸುವಾಗ ಹಾಡುತ್ತಿದ್ದ ಪದವನ್ನೋ, ಊರಿನ ಲಾವಣಿಯನ್ನೋ ಒಂದೊಂದು ನೆನಪು ಮಾಡಿಕೊಂಡು ಬನ್ನಿ. ಕಂಠ ಒಳ್ಳೆಯದಲ್ಲವೆಂದು ಯಾರೂ ಹಿಂಜರಿಯಬೇಡಿ. ನನ್ನ ಕಂಠ ಹೇಗಿದೆಯೆಂದು ನಿಮಗೆ ಗೊತ್ತೇ ಇದೆ.

ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ. ಈಗ ಎಲ್ಲರೂ ಎದ್ದು ನಿಲ್ಲಿ, ಹಾಡೋಣ.