‘ನೋಡೋಣ’ ಅಂದರೆ ಮತ್ತೆ ಫೋನ್ ಬರುತ್ತದೆ

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



‘ನೀನು ಐಟಿಯವಳು, ಕಂಪ್ಯೂಟರ್ ಬಗ್ಗೆ ಏನಾದರೂ ಹೇಳು’ ಅಂತ ಕಾರ್ಯದರ್ಶಿಗಳು ಹೇಳಿದ್ದರು. ದೊಡ್ಡ ವಿಷಯಗಳು ಬೇಕಾದಷ್ಟಿವೆ. ಆದರೆ ಇಲ್ಲಿ ಕೂತಿರುವ ನಮ್ಮೆಲ್ಲರಿಗೂ ದಿನಾ ಎದುರಾಗುವ ತಂತ್ರಜ್ಞಾನ ಯಾವುದು ಅಂತ ಯೋಚಿಸಿದರೆ, ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಬರುವ ಆ ಫೋನ್ ಕರೆಯೇ. ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್, ಇನ್ಶೂರೆನ್ಸ್, ಪುಣೆಯವರಾದ ನಮಗೆ ವಿಶೇಷವಾಗಿ ತಳೇಗಾಂವ್ ಕಡೆಯ ಎನ್.ಎ. ಪ್ಲಾಟ್. ಒಮ್ಮೆ ಹಿಂದಿ, ಒಮ್ಮೆ ಮರಾಠಿ. ನಮ್ಮಷ್ಟಕ್ಕೇ ಅಂದುಕೊಳ್ಳಬೇಡಿ. 2010ರಲ್ಲಿ ಪ್ರಣವ್ ಮುಖರ್ಜಿಯವರು ದೇಶದ ಹಣಕಾಸು ಸಚಿವರಾಗಿದ್ದಾಗ, ಸಭೆಯಲ್ಲಿ ಕೂತಿದ್ದವರಿಗೇ ಗೃಹಸಾಲ ಬೇಕಾ ಅಂತ ಫೋನ್ ಬಂದಿತ್ತು. ಪೇಪರಿನಲ್ಲೆಲ್ಲ ಸುದ್ದಿಯಾಗಿತ್ತು.

ಮೊದಲು ಆ ಕಡೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ನನಗೆ ಗೊತ್ತಿರುವುದು ಅದೇ. ನೀವು ಫೋನ್ ಎತ್ತಿ ‘ಹಲೋ’ ಅಂದ ಮೇಲೆ ಎರಡು ಕ್ಷಣ ಯಾರೂ ಮಾತಾಡುವುದಿಲ್ಲ, ಗಮನಿಸಿದ್ದೀರಾ? ನೀವು ಇನ್ನೊಂದು ಸಲ ‘ಹಲೋ’ ಅಂದ ಮೇಲೆ ‘ಗುಡ್ ಮಾರ್ನಿಂಗ್ ಮ್ಯಾಮ್’ ಬರುತ್ತದೆ. ನಂಬರ್ ಒತ್ತುವುದು ಮನುಷ್ಯರಲ್ಲ, ಡಯಲರ್ ಅನ್ನುವ ಸಾಫ್ಟ್‌ವೇರ್. ಅದು ಒಂದೇ ಹೊತ್ತಿಗೆ ಹಲವು ಮನೆಗಳಿಗೆ ರಿಂಗ್ ಮಾಡಿ, ಯಾರು ಎತ್ತುತ್ತಾರೋ ಅವರನ್ನು ಆಗ ಬಿಡುವಾದ ಹುಡುಗಿಗೋ ಹುಡುಗನಿಗೋ ಜೋಡಿಸುತ್ತದೆ. ಆ ಜೋಡಣೆಗೆ ಹಿಡಿಯುವ ಹೊತ್ತೇ ಆ ಮೌನ. ಕೆಲವು ಸಲ ಯಾರೂ ಬಿಡುವಾಗಿರುವುದಿಲ್ಲ, ಆಗ ಫೋನ್ ತಾನೇ ಕಟ್ ಆಗುತ್ತದೆ. ‘ಯಾರೋ ಸುಮ್ಮನೆ ಫೋನ್ ಮಾಡಿ ಇಡುತ್ತಿದ್ದಾರೆ’ ಅಂತ ಹೆದರಿಕೊಳ್ಳುವ ಎಷ್ಟೋ ಕರೆಗಳು ಇವೇ.

ಮಾತು ಮುಗಿದ ಮೇಲೆ ಆ ಹುಡುಗಿ ತನ್ನ ಪರದೆಯ ಮೇಲೆ ಒಂದು ಗುಂಡಿ ಒತ್ತಲೇಬೇಕು. ಎತ್ತಲಿಲ್ಲ, ತಪ್ಪು ನಂಬರ್, ಆಸಕ್ತಿ ಇದೆ, ಆಸಕ್ತಿ ಇಲ್ಲ, ಮತ್ತೆ ಕರೆ ಮಾಡಬೇಕು, ಹೀಗೆ. ನಮ್ಮ ಹೆಣ್ಣುಮಕ್ಕಳ ಸಮಸ್ಯೆ ಇಲ್ಲಿದೆ ನೋಡಿ. ನಮಗೆ ನೇರವಾಗಿ ‘ಬೇಡ’ ಅನ್ನಲು ಬರುವುದಿಲ್ಲ. ಮನೆಗೆ ಬಂದವರಿಗೆ ಹಾಗೆ ಹೇಳಬಾರದು ಅಂತ ಕಲಿಸಿದ್ದಾರೆ. ‘ನೋಡೋಣ’ ಅನ್ನುತ್ತೇವೆ. ‘ಈಗ ಕೆಲಸದಲ್ಲಿದ್ದೀನಮ್ಮಾ’ ಅನ್ನುತ್ತೇವೆ. ‘ಮನೆಯವರನ್ನ ಕೇಳಿ ಹೇಳ್ತೀನಿ’ ಅನ್ನುತ್ತೇವೆ. ನಮ್ಮ ಪಾಲಿಗೆ ಮೂರೂ ‘ಬೇಡ’ ಅಂತಲೇ ಅರ್ಥ. ಕನ್ನಡದ ಯಾರಿಗೇ ಕೇಳಿದರೂ ಅರ್ಥವಾಗುತ್ತದೆ. ಆದರೆ ಆ ಪರದೆಯ ಮೇಲೆ ಮೂರಕ್ಕೂ ಒಂದೇ ಗುಂಡಿ: ಮತ್ತೆ ಕರೆ ಮಾಡಬೇಕು. ಸಾಫ್ಟ್‌ವೇರ್ ಅದನ್ನು ಮರೆಯುವುದಿಲ್ಲ. ನಾಳಿದ್ದು ಬೇರೆ ಹುಡುಗಿ, ಅದೇ ಪ್ಲಾಟ್.

ಬಯ್ಯುವುದೂ ಉಪಯೋಗಕ್ಕೆ ಬರುವುದಿಲ್ಲ. ಬೈದರೆ ಸೇರುವುದು ಇಡೀ ದಿನ ಹೆಡ್‌ಫೋನ್ ಹಾಕಿಕೊಂಡು ಕೂತ ಆ ಹುಡುಗಿಗೆ, ಪಟ್ಟಿ ಮಾಡಿದವನಿಗಲ್ಲ. ನಮ್ಮ ನೆಂಟರಲ್ಲೇ ಒಬ್ಬಳು ಹುಬ್ಬಳ್ಳಿಯಲ್ಲಿ ಒಂದು ವರ್ಷ ಈ ಕೆಲಸ ಮಾಡಿದ್ದಾಳೆ. ಮದುವೆ ಮನೆಯಲ್ಲಿ ಯಾರಾದರೂ ಫೋನಿನಲ್ಲಿ ಸ್ವಲ್ಪ ಜೋರಾಗಿ ಮಾತಾಡಿದರೂ ಅವಳು ಈಗಲೂ ತಿರುಗಿ ನೋಡುತ್ತಾಳೆ.

ನಂಬರ್ ಎಲ್ಲಿಂದ ಸಿಗುತ್ತದೆ ಅಂತ ಕೇಳಬೇಡಿ, ನಾವೇ ಕೊಟ್ಟಿರುತ್ತೇವೆ. ಸೀರೆ ಅಂಗಡಿಯ ಲಕ್ಕಿ ಡ್ರಾ ಚೀಟಿ, ಮಾಲ್‌ನಲ್ಲಿ ಕಾರು ನಿಲ್ಲಿಸಿ ‘ಗೆಲ್ಲಿರಿ’ ಅನ್ನುವವರ ಫಾರ್ಮು, ಬಿಲ್ಲಿನ ಕೌಂಟರು. ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕೆಂದು ಅಂಗಡಿಯವರು ಒತ್ತಾಯಿಸುವಂತಿಲ್ಲ ಅಂತ 2023ರಲ್ಲೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಹೇಳಿದೆ. ನಾನು ‘ನಂಬರ್ ಬೇಡ, ಬಿಲ್ ಕೊಡಿ’ ಅನ್ನುತ್ತೇನೆ. ಕೌಂಟರಿನ ಹುಡುಗ ಸ್ವಲ್ಪ ಮುಖ ಗಂಟಿಕ್ಕುತ್ತಾನೆ, ಆಮೇಲೆ ಬಿಲ್ ಬರುತ್ತದೆ.

ಇನ್ನು ನಮ್ಮ ಮನೆಯ ಮಾತು. ಇದನ್ನು ಹೇಳಲು ಅತ್ತೆಯವರ ಒಪ್ಪಿಗೆ ಪಡೆದೇ ಬಂದಿದ್ದೇನೆ. ಮೂರನೇ ಸಾಲಿನಲ್ಲಿ ಕೂತಿದ್ದಾರೆ, ತಪ್ಪಿದರೆ ತಿದ್ದುತ್ತಾರೆ.

ಅವರು ಗದಗ ಕಡೆ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವರು. ನಿವೃತ್ತಿಯ ಮೇಲೆ ನಮ್ಮ ಜೊತೆ ಪುಣೆಗೆ ಬಂದರು. ಸಿಮ್ ಮಾತ್ರ ಊರಿನದೇ, ಬಳಗದವರೆಲ್ಲರ ಹತ್ತಿರ ಇರುವುದು ಆ ನಂಬರ್. ಹಾಗಾಗಿ ನನಗೆ ಮರಾಠಿಯಲ್ಲಿ ಬರುವ ಕರೆ ಅವರಿಗೆ ಕನ್ನಡದಲ್ಲಿ ಬರುತ್ತದೆ. ನಾವಿಬ್ಬರೂ ಆಫೀಸಿಗೆ, ಮಗಳು ಶಾಲೆಗೆ. ಕೆಳಗೆ ಇಳಿದರೆ ಎಲ್ಲರೂ ಮರಾಠಿ. ಅಂಥ ಹೊತ್ತಿನಲ್ಲಿ ಒಂದು ಇನ್ಶೂರೆನ್ಸ್ ಹುಡುಗಿ ಮೂರು ವಾರ ಬಿಡದೆ ಫೋನ್ ಮಾಡಿದಳು. ಸಂಜೆ ನಾನು ಬಂದಾಗ ಅತ್ತೆಯವರು ಹೇಳುತ್ತಿದ್ದರು: ‘ಹಾವೇರಿ ಕಡೀ ಹುಡುಗಿ ಅಂತ. ಎಷ್ಟ್ ಛಂದ ಮಾತಾಡ್ತಾಳ ನೋಡು. ಅಮ್ಮಾರ ಊಟ ಆತ್ರೀ ಅಂತ ಕೇಳೇ ಮುಂದಿನ ಮಾತು.’

ಮೂರನೇ ವಾರ ಮಾತು ಪಾಲಿಸಿಗೆ ಬಂತು. ಅತ್ತೆಯವರು ರೂಢಿಯಂತೆ ‘ಸೊಸೀನ್ನ ಕೇಳಿ ಹೇಳ್ತೀನವ್ವಾ’ ಅಂದಿದ್ದಾರೆ. ಅದಕ್ಕೆ ಆ ಹುಡುಗಿ ‘ನಿಮ್ಮ ಪೆನ್ಶನ್ ರೊಕ್ಕಕ್ಕ ಸೊಸೀನ್ನ ಯಾಕ ಕೇಳಬೇಕ್ರೀ ಅಮ್ಮಾರ?’ ಅಂದಳಂತೆ.

ಕೇಳಿ ನನಗೆ ಸಿಟ್ಟು ಬಂತು. ಆದರೆ ಅತ್ತೆಯವರು ನನ್ನ ಮುಖ ನೋಡಿ, ‘ಅಕಿ ಹೇಳಿದ್ರಾಗ ಸುಳ್ಳೇನೈತಿ? ರೊಕ್ಕ ನಂದ’ ಅಂದರು. ಸುಳ್ಳೇನೂ ಇರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಅವರ ಫೋನ್ ಇಸಿದುಕೊಂಡು ಬ್ಲಾಕ್ ಮಾಡುವುದು ಐದು ನಿಮಿಷದ ಕೆಲಸ, ಎಷ್ಟೋ ಮನೆಯಲ್ಲಿ ಹಾಗೇ ಮಾಡುತ್ತಾರೆ. ನನಗೆ ಅದು ಸರಿ ಕಾಣಲಿಲ್ಲ. ಭಾನುವಾರ ಆ ಹುಡುಗಿ ಕಳಿಸಿದ ಪಿಡಿಎಫ್ ತೆಗೆದು ಅವರ ಕೈಗೇ ಕೊಟ್ಟೆ. ವರ್ಷಕ್ಕೆ 60,000 ರೂಪಾಯಿ, 10 ವರ್ಷ. ಕನ್ನಡಕ ಹಾಕಿಕೊಂಡು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ ಮಾಡಿದರು. ಆಮೇಲೆ, ‘ಈಗ ನನಗ ಅರವತ್ತೆಂಟು. ಎಪ್ಪತ್ತೆಂಟರತನಕ ನಾ ಕಟ್ಟಬೇಕು, ಬೋನಸ್ಸು ಯಾರು ಉಣ್ಣವ್ರು?’ ಅಂದರು. ಸೋಮವಾರ ಫೋನ್ ಬಂದಾಗ ಅವರೇ ಹೇಳಿದರು: ‘ಬ್ಯಾಡವ್ವಾ. ನನ್ನ ಹೆಸರು ನಿಮ್ಮ ಪಟ್ಟಿಯಿಂದ ತಗದ್ ಬಿಡ್ರಿ.’

ಆ ಮೇಲೆ ಆ ಹುಡುಗಿ ಫೋನ್ ಮಾಡಲಿಲ್ಲ. ನಾಲ್ಕೈದು ದಿನ ಕಳೆದ ಮೇಲೆ ಒಂದು ಸಂಜೆ ಅತ್ತೆಯವರು ಪಲ್ಯಕ್ಕೆ ಹೆಚ್ಚುತ್ತಾ, ‘ಹಾವೇರಿ ಹುಡುಗಿ ಫೋನೇ ಬರಲಿಲ್ಲ ನೋಡು’ ಅಂದರು. ಇದಕ್ಕೆ ನನ್ನ ಎಂಟೆಕ್‌ನಲ್ಲಿ ಉತ್ತರವಿರಲಿಲ್ಲ. ಈಗ ನಮ್ಮ ಸಂಘದ ಇಬ್ಬರು ಹಿರಿಯರೂ ಅವರೂ ಮಧ್ಯಾಹ್ನ ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುತ್ತಾರೆ. ದಿನಾ ಅಲ್ಲ, ಧಾರಾವಾಹಿ ನೋಡಿ ಸಮಯ ಉಳಿದರೆ.

ಇನ್ನು ಮಾಡಬೇಕಾದ್ದು. 1909 ಅನ್ನುವ ನಂಬರ್ ಬರೆದುಕೊಳ್ಳಿ. ನಿಮ್ಮದೇ ಸಿಮ್‌ನಿಂದ ಅದಕ್ಕೆ ಫೋನ್ ಮಾಡಿ ಅಥವಾ START 0 ಅಂತ ಮೆಸೇಜ್ ಕಳಿಸಿದರೆ, ಅಂದರೆ ಇಂಗ್ಲಿಷಿನ ‘ಸ್ಟಾರ್ಟ್’, ಒಂದು ಜಾಗ ಬಿಟ್ಟು ಸೊನ್ನೆ, ಎಲ್ಲ ಜಾಹೀರಾತಿನ ಕರೆಗಳನ್ನೂ ನಿಲ್ಲಿಸಿ ಅಂತ ನೋಂದಣಿಯಾಗುತ್ತದೆ. ಮನೆಯಲ್ಲಿ ನಾಲ್ಕು ಸಿಮ್ ಇದ್ದರೆ ನಾಲ್ಕರಿಂದಲೂ ಬೇರೆ ಬೇರೆ ಮಾಡಬೇಕು. ಬ್ಯಾಂಕಿನ ವ್ಯವಹಾರದ ಮೆಸೇಜ್, ಓಟಿಪಿ ಇವು ನಿಲ್ಲುವುದಿಲ್ಲ, ಹೆದರಬೇಡಿ.

‘ಮಾಡಿಸಿದೆ, ಆದರೂ ಬರುತ್ತೆ’ ಅಂತ ನೀವು ಹೇಳುತ್ತೀರಿ. ನಿಜ. ನೋಂದಾಯಿತ ಕಂಪನಿಗಳ ಜಾಹೀರಾತಿನ ಕರೆ 140ರಿಂದ ಶುರುವಾಗುವ ನಂಬರಿನಿಂದ ಬರಬೇಕು. ಬ್ಯಾಂಕಿನವರು ನಿಮ್ಮ ಖಾತೆಯ ವಿಷಯಕ್ಕೆ ಮಾಡುವ ಕರೆ 1600ರಿಂದ ಶುರುವಾಗಬೇಕು ಅಂತ ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿದೆ. ನಮ್ಮನ್ನು ಕಾಡುವವರು ಮಾತ್ರ ಮಾಮೂಲಿ ಹತ್ತಂಕಿಯ ಮೊಬೈಲ್‌ನಿಂದ ಮಾಡುವವರು. ಅವರು ನೋಂದಣಿಯನ್ನೇ ಮಾಡಿಸಿಲ್ಲ, ನಮ್ಮ ‘ಬೇಡ’ ಪಟ್ಟಿಯನ್ನು ನೋಡುವುದೂ ಇಲ್ಲ. ಅವರಿಗೆ ದೂರೇ ಮದ್ದು. ಕರೆ ಬಂದ ನಂಬರ್, ದಿನಾಂಕ, ಏನು ಮಾರಲು ಬಂದಿದ್ದರು ಅನ್ನುವ ಎರಡು ಮಾತು, ಇಷ್ಟನ್ನು 1909ಕ್ಕೆ ಅಥವಾ ಟ್ರಾಯ್‌ನ ಡಿಎನ್‌ಡಿ ಆಪ್‌ನಲ್ಲಿ ಕೊಟ್ಟರೆ ಸಾಕು. 2025ರ ಫೆಬ್ರವರಿಯಲ್ಲಿ ನಿಯಮ ಬದಲಾಗಿದೆ. ಮೊದಲು ಮೂರು ದಿನದೊಳಗೆ ದೂರು ಕೊಡಬೇಕಿತ್ತು, ಈಗ 7 ದಿನ. ಇಂಥವರ ಮೇಲೆ ದೂರು ಕೊಡಲು ನೀವು ಮೊದಲೇ ನೋಂದಣಿ ಮಾಡಿಸಿರಬೇಕು ಅಂತಲೂ ಇಲ್ಲ. ಮುಖ್ಯವಾದದ್ದು, ಒಂದು ನಂಬರಿನ ಮೇಲೆ 10 ದಿನಗಳಲ್ಲಿ 5 ದೂರು ಬಂದರೆ ಕ್ರಮ ಶುರುವಾಗುತ್ತದೆ.

ಐದು ಅಂದರೆ ಎಷ್ಟು ಹೇಳಿ? ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇವತ್ತು ಬೆಳಿಗ್ಗೆ ಒಂದು ಪ್ಲಾಟಿನ ಕರೆಯ ಬಗ್ಗೆ ಗೊಣಗಿದವರೇ ಎಂಟು ಜನ. ಆ ಸ್ಕ್ರೀನ್‌ಶಾಟನ್ನು ಫಾರ್ವರ್ಡ್ ಮಾಡುವ ಬದಲು ಎಂಟೂ ಜನ ದೂರು ಕೊಟ್ಟಿದ್ದರೆ ಆಗಿಹೋಗುತ್ತಿತ್ತು.

ಮೋಸದ ಕರೆಗಳು ಬೇರೆಯೇ ವಿಷಯ, ಅದಕ್ಕೆ ಇನ್ನೊಂದು ಸಭೆ ಬೇಕು. ಸದ್ಯಕ್ಕೆ ಇಷ್ಟೇ: ‘ಡಿಜಿಟಲ್ ಅರೆಸ್ಟ್’ ಅನ್ನುವುದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಐಆರ್‌ಡಿಎಐ ಹೆಸರು ಹೇಳಿ ನಿಮ್ಮ ಹಳೇ ಪಾಲಿಸಿಗೆ ಬೋನಸ್ ಬಂದಿದೆ ಅನ್ನುವವರು ಸುಳ್ಳುಗಾರರು, ಆ ಸಂಸ್ಥೆ ಪಾಲಿಸಿ ಮಾರುವುದೂ ಇಲ್ಲ, ಬೋನಸ್ ಕೊಡುವುದೂ ಇಲ್ಲ. ದುಡ್ಡು ಹೋದರೆ ತಕ್ಷಣ 1930. ಮಾತಿಗೆ ಮರುಳಾಗಿ ನಿಜವಾದ ಇನ್ಶೂರೆನ್ಸ್ ಪಾಲಿಸಿಯನ್ನೇ ತೆಗೆದುಕೊಂಡುಬಿಟ್ಟಿದ್ದರೆ, ಪತ್ರ ಕೈಸೇರಿದ 30 ದಿನದೊಳಗೆ ವಾಪಸ್ ಮಾಡಬಹುದು.

ಹಾಗಂತ ಗೊತ್ತಿಲ್ಲದ ನಂಬರ್ ಎತ್ತಲೇಬೇಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಬಿಲ್ಡಿಂಗಿನ ಒಬ್ಬರು ಅಪರಿಚಿತ ಕರೆಗಳೆಲ್ಲ ಸದ್ದಿಲ್ಲದೆ ಹೋಗುವಂತೆ ಫೋನ್‌ನಲ್ಲಿ ಸೆಟ್ ಮಾಡಿಕೊಂಡಿದ್ದರು. ಅವರ ರಕ್ತ ಪರೀಕ್ಷೆಯಲ್ಲಿ ಸೋಡಿಯಂ ತುಂಬಾ ಕಡಿಮೆ ಬಂದಿದೆ ಅಂತ ಲ್ಯಾಬಿನವರು ಮೂರು ಸಲ ಫೋನ್ ಮಾಡಿದರೂ ಗೊತ್ತಾಗಲಿಲ್ಲ. ಕೊನೆಗೆ ಫಾರ್ಮಿನಲ್ಲಿದ್ದ ಮಗನ ನಂಬರಿಗೆ ಮಾಡಿದ್ದರಿಂದ ಆಸ್ಪತ್ರೆ ಸೇರಿದರು. ಲ್ಯಾಬು, ಡಾಕ್ಟರು, ಗ್ಯಾಸಿನವರು, ಮಗುವಿನ ಶಾಲೆಯ ಬಸ್ಸು, ಇವರ ನಂಬರುಗಳನ್ನು ಹೆಸರು ಹಾಕಿ ಇಟ್ಟುಕೊಂಡ ಮೇಲೆ ಬೇಕಾದರೆ ಆ ಸೆಟ್ಟಿಂಗ್ ಮಾಡಿ. ಅತ್ತೆಯವರ ಫೋನಿನಲ್ಲಿ ಈಗ ಹೆಸರುಗಳೆಲ್ಲ ಕನ್ನಡದಲ್ಲಿವೆ, ‘ಸಕ್ಕರೆ ಡಾಕ್ಟರ್’ ಅಂತ ಸಹ.

ಸಮಯವಾಯಿತು ಅಂತ ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಚಹಾ ಆದ ಮೇಲೆ ಕಿಟಕಿ ಪಕ್ಕದ ಮೇಜಿನ ಹತ್ತಿರ ಕೂತಿರುತ್ತೇನೆ, ಫೋನ್ ತನ್ನಿ, 1909ರ ನೋಂದಣಿ ಅಲ್ಲೇ ಮಾಡಿಕೊಡುತ್ತೇನೆ. ಅತ್ತೆಯದೋ ಅಮ್ಮನದೋ ಫೋನಾದರೆ, ಅವರನ್ನೂ ಜೊತೆಗೆ ಕರೆದುಕೊಂಡು ಬನ್ನಿ.