ಸಾಲದ ವಹಿಯನ್ನು ಮೊದಲ ಸಾಲಿನಿಂದ ಓದಿರಿ
(ಶಹಾಪುರದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಸಾಲದ ಮಾತು ಬಂದಾಗ ನಾವು ಯಾವಾಗಲೂ ಕೊನೆಯ ಅಂಕಿಯನ್ನೇ ಹಿಡಿದು ಜಗ್ಗಾಡುತ್ತೇವೆ. ಬಾಕಿ ಎಷ್ಟು? ಎರಡು ಲಕ್ಷ. ಬಡ್ಡಿ ಎಷ್ಟು ಬಿಡ್ತೀರಿ? ಇಪ್ಪತ್ತು ಸಾವಿರ ಬಿಡ್ರಿ, ಹತ್ತು ಸಾವಿರ ಬಿಡ್ರಿ. ಹೀಗೆ ದನದ ಸಂತೆಯಲ್ಲಿ ಕೈವಸ್ತ್ರದೊಳಗೆ ಬೆರಳು ಹಿಡಿದಂತೆ ಚೌಕಾಸಿ ಮಾಡಿ ಎದ್ದು ಬರುತ್ತೇವೆ. ಈ ಎರಡು ಲಕ್ಷ ಹೆಂಗ ಆಯ್ತು, ಮೊದಲ ದಿನ ನನ್ನ ಕೈಗೆ ಬಂದದ್ದೆಷ್ಟು, ನಾನು ಕಟ್ಟಿದ್ದು ಎಲ್ಲಿ ಜಮಾ ಆಗ್ಯಾದ ಅಂತ ಕೇಳುವವರು ನೂರಕ್ಕೊಬ್ಬರಿಲ್ಲ.

ಅದಕ್ಕೇ ಇವತ್ತು ನಿಮಗೆ ಒಬ್ಬ ಸಾಹುಕಾರನ ವಿಷಯ ಹೇಳಬೇಕೆಂದಿದ್ದೇನೆ. ಅವನು ಸಣ್ಣ ಕುಳ ಅಲ್ಲ. ನಮ್ಮ ನಿಮ್ಮಂಥವರಿಗೆ ಸಾಲ ಕೊಟ್ಟವನೂ ಅಲ್ಲ. ಸಾಕ್ಷಾತ್ ನಿಜಾಮ ಸರ್ಕಾರಕ್ಕೇ ಸಾಲ ಕೊಟ್ಟವನು. ಹೆಸರು ವಿಲಿಯಂ ಪಾಮರ್. ಅವನ ಅಂಗಡಿಯ ಲೆಕ್ಕಪತ್ರ, ಅದರ ಬಗ್ಗೆ ಅಧಿಕಾರಿಗಳು ಬರೆದ ಓಲೆಗಳು, ಎಲ್ಲಾ ಸೇರಿಸಿ 1824ರಲ್ಲಿ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಾಲುದಾರರ ಮುಂದಿಡಲು ಅಚ್ಚು ಹಾಕಿಸಿದರು. ಅದರಿಂದಲೇ ಅವನ ಬಾಳು ಇವತ್ತಿಗೂ ಓದಲಿಕ್ಕೆ ಸಿಗುತ್ತದೆ. ಆಗ ಯಾದಗಿರಿ, ಶಹಾಪುರ ಇದ್ದದ್ದು ಅದೇ ನಿಜಾಮನ ರಾಜ್ಯದಲ್ಲಿ. ಸುರಪುರ ಅವನಿಗೆ ಕಪ್ಪ ಕೊಡುವ ಸಂಸ್ಥಾನ. ಪಾಮರನಿಗೂ ಸುರಪುರಕ್ಕೂ ಇರುವ ನಂಟು ಮುಂದೆ ಹೇಳುತ್ತೇನೆ.

ಪಾಮರನ ತಂದೆ ಇಂಗ್ಲಿಷ್ ಜನರಲ್, ತಾಯಿ ಫೈಜ್ ಬಕ್ಷ್ ಎಂಬ ಮುಸಲ್ಮಾನ ಮನೆತನದ ಹೆಣ್ಣುಮಗಳು. ನಿಜಾಮನ ಸೈನ್ಯದಲ್ಲಿ ಕೆಲವು ಕಾಲ ನೌಕರಿ ಮಾಡಿ, ಅದನ್ನು ಬಿಟ್ಟು ಹೈದರಾಬಾದಿನಲ್ಲಿ ಪೇಢಿ ತೆರೆದ. ಗುಜರಾತಿ ಸಾಹುಕಾರ ಬಂಕಟಿದಾಸ ಪಾಲುಗಾರ. ಗೋದಾವರಿ ದಂಡೆಯ ಸಾಗವಾನಿ ಕಟ್ಟಿಗೆಯ ವ್ಯಾಪಾರವೂ ಇತ್ತು. ಆದರೆ ಕೈತುಂಬ ಲಾಭ ಇದ್ದದ್ದು ಸಾಲದಲ್ಲಿ. ಬ್ರಿಟಿಷ್ ಪ್ರಜೆಗಳು ಇಲ್ಲಿನ ರಾಜರಿಗೆ ಅಪ್ಪಣೆ ಇಲ್ಲದೆ ಸಾಲ ಕೊಡಬಾರದೆಂದು 1797ರಲ್ಲಿಯೇ ಕಾಯ್ದೆ ಆಗಿತ್ತು. 1816ರಲ್ಲಿ ಈ ಪೇಢಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಹೆಂಗ ಸಿಕ್ಕಿತು? ಪೇಢಿಗೆ ಸೇರಿದ ರಂಬೋಲ್ಡ್ ಎಂಬ ಪಾಲುಗಾರನ ಹೆಂಡತಿ ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸನ ಆಶ್ರಯದಲ್ಲಿ ಬೆಳೆದ ಹುಡುಗಿ. ಕಾಯ್ದೆ ಯಾರಿಗೆ, ವಿನಾಯಿತಿ ಯಾರಿಗೆ ಅನ್ನುವುದು ಆಗಲೂ ಹೀಗೇ ಇತ್ತು.

ನಿಜಾಮ ಸರ್ಕಾರಕ್ಕೆ ಸಾಲ ಯಾಕೆ ಬೇಕಾಯಿತು? ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿನ ಸೈನ್ಯದ ಪಗಾರಕ್ಕೆ. ದಿವಾಣಗಿರಿ ನಡೆಸುತ್ತಿದ್ದವನು ಚಂದೂಲಾಲ. ತಿಂಗಳ ಪಗಾರ ತಪ್ಪಿದರೆ ರೆಸಿಡೆಂಟ್ ಕಣ್ಣು ಕೆಂಪಗೆ ಮಾಡುತ್ತಾನೆ; ಪಾಮರನ ಪೇಢಿ ಹಣ ಕೊಡುತ್ತದೆ; ಬಡ್ಡಿ ವರ್ಷಕ್ಕೆ ನೂರಕ್ಕೆ ಇಪ್ಪತ್ತೈದರ ತನಕ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳಬೇಕಾದರೆ ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಗಿಂತ ತುಸು ಮೇಲೆ. ಇದಕ್ಕೆ ಆಧಾರ ಏನು? ತಾಲೂಕುಗಳ ಕಂದಾಯ. ಇಂತಿಂಥ ಸೀಮೆಯ ಹುಟ್ಟುವಳಿ ಪೇಢಿಗೆ ಸಲ್ಲತಕ್ಕದ್ದು ಎಂದು ತನಖಾ ಚೀಟಿ ಬರೆದುಕೊಟ್ಟರು. ಹೀಗೆ ಅಡವು ಬಿದ್ದದ್ದು ನಿಜಾಮನ ವಜ್ರ ಅಲ್ಲ, ರೈತನ ಕಣ. ಕಂದಾಯವನ್ನು ಗುತ್ತಿಗೆ ಹಿಡಿದ ತಾಲೂಕ್ದಾರ ಮೇಲಿನ ಒತ್ತಾಯಕ್ಕೆ ಕೆಳಗೆ ಹಿಂಡುತ್ತಿದ್ದ. ರೈತ ಅದನ್ನು ತುಂಬಲು ಊರ ಸಾಹುಕಾರನ ಕಟ್ಟೆಗೆ ಹೋಗುತ್ತಿದ್ದ. ಹೈದರಾಬಾದಿನಲ್ಲಿ ಒಂದು ವಹಿ, ಊರಲ್ಲಿ ಇನ್ನೊಂದು ವಹಿ. ಎರಡಕ್ಕೂ ಜಮಾ ಆಗುವ ಜೋಳ ಮಾತ್ರ ಒಂದೇ ಹೊಲದ್ದು.

ಈಗ ಕಿವಿಗೊಟ್ಟು ಕೇಳ್ರಿ. 1820ರಲ್ಲಿ 60 ಲಕ್ಷ ರೂಪಾಯಿಯ ದೊಡ್ಡ ಸಾಲ ಆಯಿತು. ಸೈನ್ಯ ಮತ್ತು ನೌಕರರ ಬಾಕಿ ಪಗಾರ ತೀರಿಸಲು, ಸಾಹುಕಾರರ ಹಳೇ ಸಾಲ ತೀರಿಸಲು, ರೈತರಿಗೆ ತಗಾವಿ ಕೊಡಲು ಎಂದು ಕಾರಣ ತೋರಿಸಿದರು. ರೈತರ ಹೆಸರಿಲ್ಲದೆ ಸಾಲ ಹುಟ್ಟುವುದಿಲ್ಲವಲ್ಲ! ಅದೇ ವರ್ಷದ ಕೊನೆಗೆ ಚಾರ್ಲ್ಸ್ ಮೆಟ್ಕಾಫ್ ಎಂಬವನು ರೆಸಿಡೆಂಟ್ ಆಗಿ ಬಂದ. ಅವನು ಮಾಡಿದ ಕೆಲಸ ಬಹಳ ಸಾದಾ. 60 ಲಕ್ಷ ಎಂದು ಬರೆದೀರಲ್ಲ, ಆ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು, ತೋರಿಸ್ರಿ ಅಂದ. ವಹಿ ಬಿಚ್ಚಿ ನೋಡಿದರೆ 8 ಲಕ್ಷ ರೂಪಾಯಿ ಪೇಢಿಯವರಿಗೇ ಬೋನಸ್! ಸಾಲ ಕೊಟ್ಟ ಉಪಕಾರಕ್ಕೆ ಅಂತ ಸಾಲದೊಳಗೇ ಮುರಿದುಕೊಂಡಿದ್ದರು. ಉಳಿದ 52 ಲಕ್ಷವಾದರೂ ಹೊಸ ಹಣವೇ? ಅದರಲ್ಲಿ ಬಹುಪಾಲು ಅದೇ ಪೇಢಿಯ ಹಳೇ ಬಾಕಿ. ಒಂದು ಖಾತೆಯಲ್ಲಿ ಖರ್ಚು, ಇನ್ನೊಂದರಲ್ಲಿ ಜಮಾ. ರೈತರಿಗೆ ತಗಾವಿ ಎಂಬುದು ಕಾಗದದಲ್ಲೇ ಉಳಿಯಿತು.

ಲೆಕ್ಕ ಹಾಕಿ ನೋಡ್ರಿ. 60ಕ್ಕೆ 52 ಅಂದರೆ, ಬರೆದ ನೂರಕ್ಕೆ ಸಿಕ್ಕಿದ್ದು 86 ರೂಪಾಯಿ ಚಿಲ್ಲರೆ. ಬಡ್ಡಿ ಮಾತ್ರ ನೂರಕ್ಕೂ ಓಡುತ್ತದೆ. ಹತ್ತು ಸಾವಿರ ಬರೆಸಿ, ಮೊದಲ ತಿಂಗಳ ಬಡ್ಡಿ, ಕಾಗದದ ಖರ್ಚು, ಗುಮಾಸ್ತನ ಚಹಾದ ದುಡ್ಡು ಹಿಡಿದು ಒಂಬತ್ತು ಸಾವಿರ ಕೈಗಿಟ್ಟ ಸಾಹುಕಾರನನ್ನು ನೀವು ನೋಡಿದ್ದೀರಿ. ಈಗಿನ ಫೈನಾನ್ಸಿನವರು ಪ್ರೋಸೆಸಿಂಗ್ ಚಾರ್ಜು, ವಿಮಾ ಕಂತು ಅಂತ ಮೊದಲೇ ಮುರಿಯುವುದನ್ನೂ ನೋಡಿದ್ದೀರಿ. ಇನ್ನೂರು ವರ್ಷವಾದರೂ ಈ ಮುರಿದುಕೊಳ್ಳುವ ವಿದ್ಯೆಗೆ ಮುಪ್ಪು ಬಂದಿಲ್ಲ.

ಮೆಟ್ಕಾಫ್ ಧರ್ಮರಾಯ ಅಂತ ನಾನು ಹೇಳುವುದಿಲ್ಲ. ಅವನಿಗೂ ಕಂಪನಿಯ ಹಿತವೇ ದೊಡ್ಡದು. ಕೊನೆಗೆ ಏನಾಯಿತು ನೋಡ್ರಿ. ಉತ್ತರ ಸರ್ಕಾರ್ ಎಂಬ ಕರಾವಳಿ ಸೀಮೆಗಾಗಿ ಕಂಪನಿ ನಿಜಾಮನಿಗೆ ವರ್ಷಕ್ಕೆ 7 ಲಕ್ಷ ರೂಪಾಯಿ ಕೊಡಬೇಕಾಗಿತ್ತು. 1823ರಲ್ಲಿ ಪಾಮರನ ಸಾಲ ಚುಕ್ತಾ ಮಾಡಲು ಕಂಪನಿ ಒಂದೇ ಸಲ ದೊಡ್ಡ ಮೊತ್ತ ಕೊಟ್ಟಿತು. ಅದಕ್ಕೆ ಬದಲಾಗಿ ಆ ವರ್ಷಾಶನ ಕಾಯಂ ಬಂದಾಯಿತು. ಮರುವರ್ಷ ಪೇಢಿಯೂ ದಿವಾಳಿ ಎದ್ದಿತು. ಪಾಮರ್ ಮಾತ್ರ ಹೈದರಾಬಾದಿನಲ್ಲಿಯೇ 1867ರ ತನಕ ಬದುಕಿದ್ದ.

ಇನ್ನು ಸುರಪುರದ ನಂಟು. ಪಾಮರನ ಮಗಳು ಮೇರಿಯನ್ನು 1832ರಲ್ಲಿ ಮದುವೆಯಾದವನು ಮೆಡೋಸ್ ಟೇಲರ್. ಹೌದು, ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಅಂತ ನಾವು ಕರೆಯುತ್ತೇವಲ್ಲ, ಅದೇ ಟೇಲರ್. ದೊರೆ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ 1853ರ ತನಕ ಸಂಸ್ಥಾನದ ಆಡಳಿತ ನೋಡಿದವನು. ನಜರಾಣೆ, ಪೇಶ್ಕಶ್, ಅದರ ಬಾಕಿ, ಬಾಕಿಯ ಮೇಲಿನ ಬಾಕಿ ಇವುಗಳಲ್ಲಿ ಸಂಸ್ಥಾನ ಸಿಕ್ಕಿಬಿದ್ದಿತ್ತು. ಹಣಕಾಸನ್ನು ಸರಿಪಡಿಸುವುದೇ ಅವನ ಕೆಲಸದ ದೊಡ್ಡ ಪಾಲು. ಮಾವ ನಿಜಾಮನಿಗೆ ಸಾಲ ಕೊಟ್ಟವ, ಅಳಿಯ ನಿಜಾಮನಿಗೆ ಕೊಡಬೇಕಾದವರ ಲೆಕ್ಕ ಬರೆದವ. 1853ರಲ್ಲಿಯೇ ಸೈನ್ಯದ ಬಾಕಿಗಾಗಿ ನಿಜಾಮ ವರ್ಹಾಡವನ್ನೂ ಕೃಷ್ಣೆಯ ಆಚೆಯ ರಾಯಚೂರು ದೋಆಬನ್ನೂ ಇಂಗ್ಲಿಷರ ವಶಕ್ಕೆ ಬಿಟ್ಟುಕೊಟ್ಟ. 1858ರಲ್ಲಿ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದು ಪ್ರಾಣ ಕೊಟ್ಟ ಮೇಲೆ, 1860ರಲ್ಲಿ ದೋಆಬ್ ನಿಜಾಮನಿಗೆ ಮರಳಿ ಬಂತು, ಜೊತೆಗೆ ಸುರಪುರವನ್ನೂ ಕೊಟ್ಟರು. ಜಮೀನು ಒತ್ತೆ ಇಟ್ಟು ಬಿಡಿಸಿಕೊಂಡ ಹಾಗೆಯೇ. ಅದರಲ್ಲಿ ಉಳುವವನನ್ನು ಕೇಳಿದವರಿಲ್ಲ.

ದೊಡ್ಡವರ ವಹಿ ಉಳಿದವು, ಅಚ್ಚೂ ಆದವು. ಸಣ್ಣ ಮನುಷ್ಯ ತಾನೇ ವಹಿ ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಕೊಡುತ್ತೇನೆ. ಬೋಸ್ಟನ್ ಪಟ್ಟಣದಲ್ಲಿ ಪಾಲ್ ರಿವೀರ್ ಎಂಬ ಬೆಳ್ಳಿ ಕೆಲಸದ ಅಕ್ಕಸಾಲಿಗ ಇದ್ದ. ಅವರ ಸ್ವಾತಂತ್ರ್ಯ ಹೋರಾಟದಲ್ಲಿ 1775ರ ಏಪ್ರಿಲ್ 18ರ ರಾತ್ರಿ ಕುದುರೆ ಏರಿ, ಸೈನ್ಯ ಬರುತ್ತಿದೆ ಎಂದು ಊರೂರಿಗೆ ಸುದ್ದಿ ಮುಟ್ಟಿಸಿದವನು. ಅವನ ಅಂಗಡಿಯ 1761ರಿಂದ 1797ರವರೆಗಿನ ಕಿರ್ದಿ ಪುಸ್ತಕಗಳು ಇಂದಿಗೂ ಅಲ್ಲಿ ಜೋಪಾನವಾಗಿವೆ. ಯಾರಿಗೆ ಚಮಚ ಮಾಡಿಕೊಟ್ಟ, ಯಾರಿಗೆ ಬೂಟಿನ ಬಕಲು ಮಾಡಿದ, ಎಲ್ಲಾ ಅದರಲ್ಲಿದೆ. 1765ರಲ್ಲಿ ವ್ಯಾಪಾರ ಕುಸಿದು, ಹತ್ತು ಪೌಂಡ್ ಸಾಲಕ್ಕಾಗಿ ಅವನ ಆಸ್ತಿ ಜಪ್ತಿಗೆ ಬಂದಿತ್ತು. ಆಮೇಲೆ ತಾಮ್ರದ ತಗಡು ಕೆತ್ತುವುದು, ಹಲ್ಲು ಕಟ್ಟುವುದು, ಸಿಕ್ಕ ಕೆಲಸ ಮಾಡಿ ನಿಂತುಕೊಂಡ. ಯುದ್ಧದ ಕಾಲದಲ್ಲಿ ಸುದ್ದಿ ಒಯ್ದ 17 ದಿನಕ್ಕೆ ದಿನಕ್ಕೆ 5 ಶಿಲಿಂಗಿನಂತೆ ಬಿಲ್ಲು ಕೊಟ್ಟ. ಕುದುರೆ ಖರ್ಚು, ಚೀಟಿ ಅಚ್ಚು ಹಾಕಿದ್ದು ಎಲ್ಲಾ ಸೇರಿ 11 ಪೌಂಡ್ 1 ಶಿಲಿಂಗ್. ಹೊಸ ಸರ್ಕಾರ ಕೂಲಿಯನ್ನು ದಿನಕ್ಕೆ 4 ಶಿಲಿಂಗಿಗೆ ಇಳಿಸಿ 10 ಪೌಂಡ್ 4 ಶಿಲಿಂಗ್ ಮಂಜೂರು ಮಾಡಿತು! ದೇಶಕ್ಕಾಗಿ ಕುದುರೆ ಓಡಿಸಿದವನ ಬಿಲ್ಲಿನಲ್ಲೂ 17 ಶಿಲಿಂಗ್ ಕಡಿತ. ಅವನು ಬರೆದು ಕೊಟ್ಟಿದ್ದಕ್ಕೆ ಕಡಿತ ಎಷ್ಟೆಂದು ನಮಗೆ ಗೊತ್ತಾಯಿತು. ನಮ್ಮ ತೊಗರಿಯ ತೂಕದಲ್ಲಿ, ಸೂಟಿನಲ್ಲಿ ಹೋದದ್ದು ಎಷ್ಟೆಂದು ನಮ್ಮಲ್ಲಿ ಬರೆದಿಟ್ಟವರು ಯಾರಿದ್ದಾರೆ?

ನಮ್ಮಲ್ಲಿ ವಹಿ ಇರಲಿಲ್ಲ ಅಂತಲ್ಲ. ಕನ್ನಡ ನಾಡಿನಲ್ಲಿ ಕಡತ ಬರೆಯುವ ಪದ್ಧತಿ ಬಹಳ ಹಳೆಯದು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಕಪ್ಪು ಮಾಡಿ, ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠಕ್ಕೆ ಟಿಪ್ಪು ಸುಲ್ತಾನ ಬರೆಸಿದ ಕಾಗದಗಳು 1916ರಲ್ಲಿ ಬೆಳಕಿಗೆ ಬಂದದ್ದೂ ಮಠದ ದಫ್ತರದಿಂದಲೇ. ಆದರೆ ಮಠಕ್ಕೆ, ಅಂಗಡಿಗೆ, ಕುಲಕರ್ಣಿಗೆ ದಫ್ತರ ಇತ್ತು, ರೈತನಿಗೆ ಇರಲಿಲ್ಲ. ನಮ್ಮ ಕಡೆ ಇನ್ನೂ ಒಂದು ಕಷ್ಟ. ಊರ ಲೆಕ್ಕ ಮೋಡಿಯಲ್ಲಿ, ಮಾರವಾಡಿ ವಹಿ ಮಹಾಜನಿ ಅಕ್ಷರದಲ್ಲಿ, ಕೋರ್ಟಿನ ಕಾಗದ ಉರ್ದುವಿನಲ್ಲಿ. ಹೆಬ್ಬೆಟ್ಟು ಮಾತ್ರ ಎಲ್ಲಾ ಭಾಷೆಗೂ ನಡೆಯುತ್ತಿತ್ತು.

ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿ ನಮ್ಮ ಮುತ್ಯಾನ ಎರಡು ಸಾಲಪತ್ರ ಇವೆ. ಮೊದಲನೆಯದು 1358 ಫಸಲಿ. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ. ಅಂದರೆ 1948, ಪೊಲೀಸ್ ಕಾರ್ಯಾಚರಣೆ ಆದ ವರ್ಷ. ಸಾಲ ಹಾಲಿ ಸಿಕ್ಕಾ 350 ರೂಪಾಯಿ. ಬಡ್ಡಿಗೆ ವರ್ಷವರ್ಷ ಜೋಳ ಹಾಕಿದ್ದು ಹಿಂಬದಿಯಲ್ಲಿ ಬರೆದಿದೆ, ಚೀಲ ಎಷ್ಟು ಎಂದಿದೆ, ದರ ಏನು ಎಂದಿಲ್ಲ. ಎರಡನೆಯದು 1956ರದು. ಸಾಲ 350 ರೂಪಾಯಿ. 'ಹಾಲಿ ಸಿಕ್ಕಾ' ಎಂಬ ಎರಡು ಮಾತು ಬಿಟ್ಟುಹೋಗಿವೆ! ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ಎಂಬುದು ಆಗ ಎಲ್ಲರಿಗೂ ಗೊತ್ತಿದ್ದ ಲೆಕ್ಕ. 350 ಹಾಲಿ ಅಂದರೆ 300 ಕಲ್ದಾರ. ಒಂದು ಪೈಸೆ ಕೊಡದೆ, ಎರಡು ಮಾತು ಬರೆಯದೆ, ಸಾಲ 50 ರೂಪಾಯಿ ಏರಿತು. ಆ ಸಾಹುಕಾರ ಈಗಿಲ್ಲ, ಹೆಸರು ಹೇಳುವುದು ಬೇಡ. ಮುತ್ಯಾ ಆ 50 ರೂಪಾಯಿಗೂ ಬಡ್ಡಿ ಕಟ್ಟಿಯೇ ಸತ್ತ. ನಾನು ಎರಡೂ ಕಾಗದ ಪಕ್ಕಪಕ್ಕ ಇಟ್ಟು ಓದಿದ್ದಕ್ಕೆ ಇದು ಕಂಡಿತು. ಒಂದೇ ಇದ್ದಿದ್ದರೆ ಕಾಣುತ್ತಿರಲಿಲ್ಲ.

ವಹಿ ಸುಟ್ಟುಬಿಟ್ಟರಾಯ್ತು ಅಂತ ಹುಡುಗರು ಹೇಳುತ್ತಾರೆ. ಸುಟ್ಟವರೂ ಇದ್ದಾರೆ. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪಾ ಪೇಟೆಯಲ್ಲಿ ರೈತರು ಸಾಹುಕಾರರ ಮನೆ ಹೊಕ್ಕು ಸಾಲಪತ್ರ, ವಹಿ ತೆಗೆದು ಬೆಂಕಿಗೆ ಹಾಕಿದರು. ಸುತ್ತಲ ಊರುಗಳಿಗೂ, ಅಹಮದನಗರ ಜಿಲ್ಲೆಗೂ ಅದು ಹಬ್ಬಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸುಟ್ಟ ವಹಿಯಲ್ಲಿ ರೈತ ಕಟ್ಟಿದ ಜಮೆಯೂ ಸುಟ್ಟಿತು. ಅದರಿಂದ ಬಂದ ಒಳ್ಳೆಯದು ಬೇರೆ. ಸರ್ಕಾರ ಆಯೋಗ ನೇಮಿಸಿತು, 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಪುಣೆ, ಸಾತಾರಾ, ಅಹಮದನಗರ, ನಮ್ಮ ಮಗ್ಗುಲಿನ ಸೊಲ್ಲಾಪುರ ಜಿಲ್ಲೆಗಳಿಗೆ ಅದು ಮೊದಲು ಅನ್ವಯವಾಯಿತು. ಸಾಲಪತ್ರದಲ್ಲಿ ಬರೆದ ಅಂಕಿಯನ್ನೇ ನಂಬದೆ, ಅದರ ಹಿಂದೆ ಹೋಗಿ, ಮೊದಲ ದಿನದಿಂದ ವ್ಯವಹಾರದ ಲೆಕ್ಕ ತೆಗೆದು, ಅಸಲು ಬೇರೆ ಬಡ್ಡಿ ಬೇರೆ ಮಾಡಿ ನೋಡಬೇಕೆಂದು ಕೋರ್ಟಿಗೆ ಅದು ಹೇಳಿತು. ಮೆಟ್ಕಾಫ್ ನಿಜಾಮನ ಸಾಲಕ್ಕೆ ಮಾಡಿದ್ದನ್ನು ಒಬ್ಬ ಕುಣಬಿ ರೈತನ ಸಾಲಕ್ಕೂ ಮಾಡಬಹುದೆಂದು ಒಪ್ಪಲು ಅರವತ್ತು ವರ್ಷ ಬೇಕಾಯಿತು. ನಮ್ಮ ನಿಜಾಮನ ಸೀಮೆಯಲ್ಲಿ ಲೇವಾದೇವಿಗಾರರ ಕಾಯ್ದೆ ಬಂದದ್ದು 1349 ಫಸಲಿಯಲ್ಲಿ, ಇನ್ನೂ ಅರವತ್ತು ವರ್ಷಕ್ಕೆ. ಕರ್ನಾಟಕದ ಈಗಿನ ಲೇವಾದೇವಿ ಕಾಯ್ದೆ 1961ರದು.

ಬಡ್ಡಿ ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟು ನಮ್ಮ ಹಿರಿಯರ ಕಟ್ಟಳೆ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿಯೂ ಅದು ಇದೆ. ಸಣ್ಣ ಮತ್ತು ಅತಿಸಣ್ಣ ರೈತರ ಅಲ್ಪಾವಧಿ ಸಾಲಕ್ಕೆ ಹಾಕಿದ ಒಟ್ಟು ಬಡ್ಡಿ ಅಸಲಿಗಿಂತ ಹೆಚ್ಚಾಗಬಾರದು. ಇದು ನಿಮ್ಮ ಮ್ಯಾನೇಜರನಿಗೆ ಗೊತ್ತಿರಬಹುದು, ಆದರೆ ಕೇಳದೆ ಹೇಳುವುದಿಲ್ಲ. ಆದರೆ ಇದಕ್ಕೂ ಅಡ್ಡದಾರಿ ಅದ. ವರ್ಷವರ್ಷ 'ರಿನೀವಲ್' ಅಂತ ಸಹಿ ಮಾಡಿಸಿ, ಬಡ್ಡಿಯನ್ನು ಹೊಸ ಸಾಲದಲ್ಲಿ ಸೇರಿಸಿಬಿಟ್ಟರೆ ಬಡ್ಡಿಯೇ ಅಸಲಾಗುತ್ತದೆ. ಪಾಮರನ 52 ಲಕ್ಷ ಹೀಗೇ ಹುಟ್ಟಿತ್ತು.

ಹಾಗಾಗಿ ಮುಂದಿನ ಅಮಾಸಿಯ ಸಭೆಗೆ ಬರುವಾಗ ಬರಿಗೈಲಿ ಬರಬ್ಯಾಡ್ರಿ. ಸಾಲ ಶುರುವಾದ ದಿನದಿಂದ ಖಾತೆಯ ಪೂರ್ತಿ ಉತಾರ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ತಗೊಳ್ರಿ. ಕೊನೆಯ ಹಾಳೆ ಒಂದೇ ಸಾಲದು. ಪ್ರತಿ ರಿನೀವಲ್ಲಿನ ಕಾಗದ, ವಿಮಾ ಕಡಿತದ ಚೀಟಿ, ಅಡತಿ ಅಂಗಡಿಯ ಪಟ್ಟಿ, ಪಹಣಿ ತರ್ರಿ. ಪಹಣಿಯ 11ನೇ ಕಾಲಮ್ಮಿನಲ್ಲಿ ಋಣ ಎಂದು ಬರೆದಿರುತ್ತದೆ, ಅದರಲ್ಲಿ ತೀರಿದ ಸಾಲ ಇನ್ನೂ ಉಳಿದಿದೆಯೇ ನೋಡ್ರಿ. ಖಾಸಗಿ ಸಾಲ ಇದ್ದವರು ಎಂದು ಎಷ್ಟು ಕೈಗೆ ಬಂತು, ಎಂದು ಎಷ್ಟು ಕೊಟ್ಟಿರಿ ಅಂತ ಮಗಳ ಕೈಲಿ, ಮೊಮ್ಮಗನ ಕೈಲಿ ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಬರೆಸ್ರಿ. ನೆನಪಿದ್ದಷ್ಟು ಸಾಕು. ಕಾಗದಗಳನ್ನು ಇಸವಿಯ ಪ್ರಕಾರ ಜೋಡಿಸಲು ಇಬ್ಬರು ಕಾಲೇಜು ಹುಡುಗರು ಬೆಳಿಗ್ಗೆ ಹತ್ತು ಗಂಟೆಗೆ ಕೂತಿರುತ್ತಾರೆ.