ಬಲಕ್ಕೊಂದು, ಎಡಕ್ಕೊಂದು ಸಲಾಮು



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಮುಸ್ಲಿಂ ಬಾಂಧವರ ನೆರೆಯಲ್ಲಿಯೇ ಬಾಳುವವರು ನಾವು. ನಮಾಜಿನ ಕಡೆಯಲ್ಲಿ ಅವರು ಕುಳಿತಂತೆಯೇ ಮುಖವನ್ನು ಬಲಕ್ಕೂ ಎಡಕ್ಕೂ ತಿರುಗಿಸುವುದನ್ನು ಕಂಡಿದ್ದೇವೆ. ಯಾರು ಯಾರು ಬಂದಿದ್ದಾರೆಂದು ನೋಡುತ್ತಿರಬೇಕು ಎಂದೇ ನಾನು ಬಹುಕಾಲ ಭಾವಿಸಿದ್ದೆ!

ಆಗ ಅವರು ನುಡಿಯುವುದು 'ಅಸ್ಸಲಾಮು ಅಲೈಕುಮ್ ವ ರಹ್ಮತುಲ್ಲಾಹ್' ಎಂದು. ಅಂದರೆ, ನಿಮ್ಮ ಮೇಲೆ ಶಾಂತಿಯೂ ದೇವರ ಕರುಣೆಯೂ ಇರಲಿ. ಇದಕ್ಕೆ ತಸ್ಲೀಮ್ ಎಂದು ಹೆಸರು. 'ಅಲ್ಲಾಹು ಅಕ್ಬರ್' ಎಂದು ಕೈಯೆತ್ತಿ ಆರಂಭಿಸಿದ ಪ್ರಾರ್ಥನೆ ಇದರಿಂದ ಮುಗಿಯುತ್ತದೆ. ಅಲ್ಲಿಯವರೆಗೆ ಲೋಕದ ಮಾತಿಗೆ ಎಡೆಯಿಲ್ಲ. ಒಬ್ಬರೇ ಪ್ರಾರ್ಥಿಸಿದರೂ 'ನಿಮ್ಮ' ಎಂಬ ಬಹುವಚನ ಬದಲಾಗದು. ಎಡಬಲದ ದೇವದೂತರಿಗೂ ಸಾಲಿನಲ್ಲಿರುವ ಸಹಪ್ರಾರ್ಥಕರಿಗೂ ಈ ವಂದನೆ ಸಲ್ಲುತ್ತದೆಂದು ಅವರ ವಿದ್ವಾಂಸರು ವಿವರಿಸುತ್ತಾರೆ. ದೇವರ ಸನ್ನಿಧಿಯಿಂದ ಮರಳುವವನ ಮೊದಲ ಮಾತೇ ನೆರೆಯವನಿಗೆ ಶಾಂತಿಯ ಕೋರಿಕೆ. ಆ ನೆರೆಯವನು ಮಿತ್ರನೋ, ವ್ಯಾಜ್ಯ ಹೂಡಿದವನೋ ಎಂಬ ವಿಚಾರಣೆ ಅಲ್ಲಿಲ್ಲ.

'ಸಲಾಮ್' ಹಾಗೂ ಹೀಬ್ರೂ ಭಾಷೆಯ 'ಶಾಲೋಮ್' ಒಂದೇ ಮೂಲದ ಪದಗಳು. ಪುನರುತ್ಥಾನರಾದ ಪ್ರಭು, ಬಾಗಿಲು ಮುಚ್ಚಿಕೊಂಡು ಕುಳಿತಿದ್ದ ಶಿಷ್ಯರಿಗೆ ಕೋರಿದ್ದೂ ಶಾಂತಿಯನ್ನೇ. ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ ನಾವೂ ಪರಸ್ಪರ ಶಾಂತಿ ಕೋರುತ್ತೇವೆ. ಎರಡೂ ಒಂದೇ ಎಂದು ನಾನು ಹೇಳಲಾರೆ. ವಿಶ್ವಾಸದ ಅಂತರ ಇದ್ದೇ ಇದೆ. ಆದರೂ 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯ 'ನೋಸ್ತ್ರಾ ಎತಾತೆ' ಘೋಷಣೆಯು, ಶ್ರೀಸಭೆ ಮುಸ್ಲಿಮರನ್ನು ಗೌರವದಿಂದ ಕಾಣುತ್ತದೆಂದು ಸಾರಿತು. ಹಿಂದಿನ ಕಲಹಗಳನ್ನು ಮರೆತು ಪರಸ್ಪರ ಅರಿಯಲು ಯತ್ನಿಸಬೇಕೆಂದು ಕರೆಯಿತ್ತಿತು.

ಶಾಂತಿ ಕೋರುವ ಹೊತ್ತಿನಲ್ಲಿ, ಮಾತು ಬಿಟ್ಟವರು ಪಕ್ಕದಲ್ಲಿದ್ದರೆ, ನಮ್ಮಲ್ಲಿ ಕೆಲವರು ಮುಂದಿನ ಸಾಲಿನವರಿಗೆ ಕೈಮುಗಿದು ಸುಮ್ಮನಾಗುವುದುಂಟು. ನಾನೂ ಹಾಗೆ ಮಾಡಿದ್ದೇನೆ. ನಮಾಜಿನ ಸಾಲಿನಲ್ಲಿ ಬಲಕ್ಕೆ ತಿರುಗಿದವನು ಎಡಕ್ಕೂ ತಿರುಗುತ್ತಾನೆ.